ಕುಸ್ತಿ ಕಣದಿಂದ ದೆಹಲಿ ದರ್ಬಾರಿನವರೆಗೆ: ಮುಂಬೈನ ಜನಜೀವನವನ್ನು ಮೊದಲು ಚಲನಚಿತ್ರದಲ್ಲಿ ಸೆರೆಹಿಡಿದ ಸಾವೇ ದಾದಾ

ಭಾರತೀಯ ಸಿನಿಮಾ ಎಂದಾಕ್ಷಣ ನಮ್ಮ ಬಾಯಿಗೆ ಮೊದಲು ಬರುವ ಹೆಸರು ದಾದಾಸಾಹೇಬ್ ಫಾಲ್ಕೆ. 1913ರಲ್ಲಿ ತೆರೆಕಂಡ ಅವರ ರಾಜಾ ಹರಿಶ್ಚಂದ್ರ ದೇಶದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಅದಕ್ಕೂ 14 ವರ್ಷ ಮೊದಲೇ, 1899ರಲ್ಲಿ, ಮುಂಬೈನ ಮಲಬಾರ್ ಹಿಲ್‌ನಲ್ಲಿ ಇನ್ನೊಬ್ಬ ಹರಿಶ್ಚಂದ್ರ ಚಲನಚಿತ್ರದ ಕ್ಯಾಮೆರಾ ಹಿಡಿದು ನಿಂತಿದ್ದರು. ಅವರ ಮುಂದೆ ರಾಜನಿರಲಿಲ್ಲ, ದೇವರಿರಲಿಲ್ಲ, ವೇಷಭೂಷಣವೂ ಇರಲಿಲ್ಲ. ಇದ್ದವರು ಇಬ್ಬರು ಪೈಲ್ವಾನರು.

ಆ ವ್ಯಕ್ತಿಯ ಹೆಸರು ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್. ಮುಂಬೈ ಜನರ ಪಾಲಿಗೆ ಸಾವೇ ದಾದಾ. ವೃತ್ತಿಯಲ್ಲಿ ಫೋಟೋಗ್ರಾಫರ್. ಚಲನಚಿತ್ರ ತೆಗೆದ ಮೊದಲ ಭಾರತೀಯರ ಸಾಲಿನಲ್ಲಿ ಅವರ ಹೆಸರು ಇಂದಿಗೂ ಮೊದಲೇ ಬರುತ್ತದೆ. ಅವರು ತೆಗೆದದ್ದು ಕೆಲವೇ ನಿಮಿಷಗಳ ದೃಶ್ಯ. ಆದರೆ ಬ್ರಿಟಿಷರ ಆಳ್ವಿಕೆ ಉತ್ತುಂಗದಲ್ಲಿದ್ದ ಕಾಲದಲ್ಲಿ ಒಬ್ಬ ಭಾರತೀಯ ತನ್ನ ಊರಿನ ಸಾಮಾನ್ಯರ ಕಡೆ ಈ ಹೊಸ ಯಂತ್ರವನ್ನು ತಿರುಗಿಸಿದ್ದು ಸಣ್ಣ ಸಂಗತಿಯಲ್ಲ. ಯಾಕೆ ಎಂದು ತಿಳಿಯಬೇಕಾದರೆ ಅವರು ಹುಟ್ಟಿದ ಕಾಲಕ್ಕೆ ಹೋಗಬೇಕು.

ಕ್ಯಾಮೆರಾ ಆಳುವವರ ಕೈಯಲ್ಲಿದ್ದ ಕಾಲ

ಸಾವೇ ದಾದಾ ಹುಟ್ಟಿದ್ದು 1868ರಲ್ಲಿ, ಅಂದಿನ ಬಾಂಬೆಯಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಬ್ರಿಟಿಷ್ ಸರ್ಕಾರದ ಬೆಂಬಲದಿಂದ ದಿ ಪೀಪಲ್ ಆಫ್ ಇಂಡಿಯಾ ಎಂಬ ಬೃಹತ್ ಫೋಟೋ ಗ್ರಂಥಮಾಲೆಯ ಪ್ರಕಟಣೆ ಶುರುವಾಯಿತು. 1875ರ ಹೊತ್ತಿಗೆ ಎಂಟು ಸಂಪುಟಗಳು ಹೊರಬಂದವು. ಜಾತಿ, ಕಸುಬು, ಬುಡಕಟ್ಟುಗಳ ಪ್ರಕಾರ ಭಾರತೀಯರನ್ನು ನಿಲ್ಲಿಸಿ, ಕೂರಿಸಿ ಫೋಟೋ ತೆಗೆದು, ಪಕ್ಕದಲ್ಲಿ ಇವರ ಸ್ವಭಾವ ಇಂಥದ್ದು ಎಂದು ಷರಾ ಬರೆದ ಸಂಪುಟಗಳವು. 1857ರ ದಂಗೆಯಿಂದ ಬೆಚ್ಚಿದ್ದ ಆಡಳಿತಕ್ಕೆ ತಾನು ಆಳುತ್ತಿರುವ ಜನ ಯಾರು ಎಂಬ ಪಟ್ಟಿ ಬೇಕಿತ್ತು. ಕ್ಯಾಮೆರಾ ಅದಕ್ಕೆ ಒದಗಿ ಬಂತು.

ಹಾಗೆಂದು ಮುಂಬೈನಲ್ಲಿ ಕ್ಯಾಮೆರಾ ಬರೀ ಬಿಳಿಯರ ಸೊತ್ತಾಗಿತ್ತು ಎಂದೇನೂ ಅಲ್ಲ. 1854ರಲ್ಲೇ ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾಗಿತ್ತು. ಬೈಕುಲಾದ ವಸ್ತುಸಂಗ್ರಹಾಲಯಕ್ಕೆ ಇಂದು ಯಾರ ಹೆಸರಿದೆಯೋ ಆ ಡಾ. ಭಾವು ದಾಜಿ ಲಾಡ್ ಅದರ ಆರಂಭದ ಸದಸ್ಯರಲ್ಲಿ ಒಬ್ಬರು. ಅವರ ತಮ್ಮ ನಾರಾಯಣ ದಾಜಿ ಕೂಡ ವೈದ್ಯರಾಗಿದ್ದುಕೊಂಡೇ ಫೋಟೋ ತೆಗೆದವರು. 1855ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋಗ್ರಫಿ ಕಲಿಸುವ ತರಗತಿಯೂ ಆರಂಭವಾಗಿತ್ತು. ಅಂದರೆ ಸಾವೇ ದಾದಾ ಹುಟ್ಟುವ ಹೊತ್ತಿಗೆ ಈ ಊರಿನಲ್ಲಿ ದೇಸಿ ಫೋಟೋಗ್ರಾಫರ್‌ಗಳ ಒಂದು ತಲೆಮಾರೇ ತಯಾರಾಗಿತ್ತು.

ಬೆಳೆದು ದೊಡ್ಡವರಾದ ಭಾಟವಡೇಕರ್ ಇದೇ ಕಸುಬು ಹಿಡಿದರು. ಸ್ಟುಡಿಯೋದಲ್ಲಿ ಭಾವಚಿತ್ರ ತೆಗೆಯುವುದರ ಜತೆಗೆ ಕ್ಯಾಮೆರಾ ಸಾಮಗ್ರಿಗಳ ವ್ಯಾಪಾರವನ್ನೂ ನಡೆಸುತ್ತಿದ್ದರು. ಆ ಕಾಲದಲ್ಲಿ ಭಾವಚಿತ್ರವೆಂದರೆ ಗಾಜಿನ ಫಲಕ, ಮೂರು ಕಾಲಿನ ಸ್ಟ್ಯಾಂಡು, ಹಿಂದೆ ಬಣ್ಣದ ಪರದೆ, ಉಸಿರು ಬಿಗಿಹಿಡಿದು ಕೂರುವ ಗಿರಾಕಿ. ಮನೆಯವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಬಂದು ಕೂರುತ್ತಿದ್ದರು. ಅಲುಗಾಡಿದರೆ ಚಿತ್ರ ಕೆಟ್ಟಿತು ಎಂದೇ ಅರ್ಥ. ಇಂಥ ಅಲುಗದ ಲೋಕದಲ್ಲಿ ಅನ್ನ ಸಂಪಾದಿಸುತ್ತಿದ್ದ 28 ವರ್ಷದ ಯುವಕನ ಎದುರು, ಚಿತ್ರವೇ ಎದ್ದು ಓಡಾಡಿದರೆ ಹೇಗಾಗಬೇಡ?

ವಾಟ್ಸನ್ ಹೋಟೆಲಿನ ಆ ಸಂಜೆ

ಅದು ಆಗಿದ್ದು 1896ರ ಜುಲೈ 7ರಂದು. ಕಾಲಾ ಘೋಡಾ ಬಳಿಯ ವಾಟ್ಸನ್ ಹೋಟೆಲ್ ಆಗ ಮುಂಬೈನ ಪ್ರತಿಷ್ಠೆಯ ತಾಣ. ಕಟ್ಟಡದ ಕಬ್ಬಿಣದ ಕಂಬ, ತೊಲೆಗಳನ್ನು ಇಂಗ್ಲೆಂಡ್‌ನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಲಾಗಿತ್ತು. ಯುರೋಪಿಯನ್ ಪ್ರಯಾಣಿಕರು ಹಡಗಿನಿಂದ ಇಳಿದರೆ ಬಂದು ಸೇರುತ್ತಿದ್ದದ್ದು ಇಲ್ಲಿಗೇ. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಅದೇ ವರ್ಷದ ಆರಂಭದಲ್ಲಿ ಇಲ್ಲಿ ತಂಗಿದ್ದರು.

ಪ್ಯಾರಿಸ್‌ನಲ್ಲಿ ಲುಮಿಯೇರ್ ಸಹೋದರರು ದುಡ್ಡು ಪಡೆದು ಚಲಿಸುವ ಚಿತ್ರ ತೋರಿಸಿ ಆಗಿನ್ನೂ ಏಳು ತಿಂಗಳೂ ತುಂಬಿರಲಿಲ್ಲ. ಅವರ ಪ್ರತಿನಿಧಿ ಮರಿಯಸ್ ಸೆಸ್ಟಿಯೇ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಮುಂಬೈನಲ್ಲಿ ಇಳಿದು ಪ್ರದರ್ಶನ ಏರ್ಪಡಿಸಿದ. ಟಿಕೆಟ್ ದರ 1 ರೂಪಾಯಿ. ಆ ಕಾಲಕ್ಕೆ ಅದು ಕೂಲಿಕಾರನ ಹಲವು ದಿನಗಳ ದುಡಿಮೆ. ತೋರಿಸಿದ್ದು ಆರು ತುಣುಕುಗಳು. ನಿಲ್ದಾಣಕ್ಕೆ ಬರುವ ರೈಲು, ಕಾರ್ಖಾನೆಯಿಂದ ಹೊರಬರುವ ಕಾರ್ಮಿಕರು, ಗೋಡೆ ಕೆಡವುವ ಆಳುಗಳು, ಕಡಲಲ್ಲಿ ಈಜುವವರು. ಒಂದೊಂದೂ ಒಂದು ನಿಮಿಷದೊಳಗೆ ಮುಗಿಯುವಂಥದ್ದು.

ಒಂದು ವಾರದೊಳಗೆ ಪ್ರದರ್ಶನ ನಾವೆಲ್ಟಿ ಥಿಯೇಟರ್‌ಗೆ ಸ್ಥಳಾಂತರವಾಯಿತು. ಅಲ್ಲಿ ನಾಲ್ಕಾಣೆಯ ಟಿಕೆಟ್ ಕೂಡ ಇತ್ತು. ಪರದೆ ಪಾಲಿಸುವ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಬಾಕ್ಸ್‌ಗಳ ವ್ಯವಸ್ಥೆ ಮಾಡಲಾಯಿತು. ಹೋಟೆಲಿನ ಕೆಲವೇ ಮಂದಿಯ ಕೌತುಕ ಹೀಗೆ ಊರಿನ ಮಾತಾಯಿತು.

ವಾಟ್ಸನ್ ಹೋಟೆಲಿನ ಪ್ರದರ್ಶನ ನೋಡಿದವರಲ್ಲಿ ಸಾವೇ ದಾದಾ ಕೂಡ ಒಬ್ಬರು. ಉಳಿದವರು ಬೆರಗಾಗಿ ಮನೆಗೆ ಹೋದರು. ಇವರು ಆ ಯಂತ್ರ ನನಗೂ ಬೇಕು ಎಂದುಕೊಂಡರು. ಅಂದು ತೆರೆಯ ಮೇಲೆ ಬಂದವರೆಲ್ಲ ಯಾರು? ಯಾವುದೋ ಊರಿನ ಪ್ರಯಾಣಿಕರು, ಯಾವುದೋ ಕಾರ್ಖಾನೆಯ ಕೆಲಸಗಾರರು. ಫ್ರಾನ್ಸಿನ ಕೂಲಿಯಾಳು ಗೋಡೆ ಕೆಡವುವುದನ್ನು ಮುಂಬೈನವರು ರೂಪಾಯಿ ಕೊಟ್ಟು ನೋಡಬಹುದಾದರೆ, ಮುಂಬೈನ ಪೈಲ್ವಾನನನ್ನು ಯಾಕೆ ನೋಡಬಾರದು? ಮೂರು ವರ್ಷದ ಬಳಿಕ ಅವರು ಮಾಡಿದ ಕೆಲಸ ಇದೇ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ.

ಪ್ಲೇಗಿನ ಊರಲ್ಲಿ 21 ಗಿನಿಯ ಕ್ಯಾಮೆರಾ

ಆದರೆ ಆ ಮೂರು ವರ್ಷ ಮುಂಬೈ ಪಾಲಿಗೆ ನರಕ. ಲುಮಿಯೇರ್ ಪ್ರದರ್ಶನ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಾಂಡ್ವಿ ಬಂದರು ಪ್ರದೇಶದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೋ ವಿಯೆಗಾಸ್. ಗಿರಣಿ ಕೆಲಸಗಾರರು ಗಂಟುಮೂಟೆ ಕಟ್ಟಿಕೊಂಡು ಕೊಂಕಣ, ಘಟ್ಟದ ಮೇಲಿನ ತಮ್ಮ ಊರುಗಳಿಗೆ ಓಡಿದರು. 1898ರಲ್ಲಿ ಇದೇ ಪಿಡುಗು ಬೆಂಗಳೂರಿಗೂ ಬಂತು. ನಮ್ಮ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಮೈದಳೆದ ಹಿನ್ನೆಲೆಯಲ್ಲಿ ಇರುವುದೂ ಆ ಪ್ಲೇಗೇ.

ಆಗಲೂ ಕ್ಯಾಮೆರಾ ಸುಮ್ಮನಿರಲಿಲ್ಲ. ಮನೆ ಮನೆ ಶೋಧ, ಸುಣ್ಣ ಬಳಿಯುವುದು, ಆಸ್ಪತ್ರೆ ಶೆಡ್‌ಗಳು, ರೋಗಿಗಳನ್ನು ಬೇರ್ಪಡಿಸುವ ಶಿಬಿರಗಳು... ಇವೆಲ್ಲದರ ಫೋಟೋ ಆಲ್ಬಮ್‌ಗಳು ಸರ್ಕಾರದ ಕೆಲಸಕ್ಕೆ ಸಾಕ್ಷಿಯಾಗಿ ತಯಾರಾದವು. ಅವುಗಳಲ್ಲಿ ಮುಂಬೈನ ಜನ ಇದ್ದಾರೆ. ಆದರೆ ಇರುವುದು ರೋಗಿಗಳಾಗಿ, ತಪಾಸಣೆಗೆ ಸಾಲಾಗಿ ನಿಂತವರಾಗಿ.

ಇದೇ ದಿನಗಳಲ್ಲಿ ಸಾವೇ ದಾದಾ ಲಂಡನ್‌ನಿಂದ ಚಲನಚಿತ್ರದ ಕ್ಯಾಮೆರಾ ತರಿಸಿಕೊಂಡರು. ಬೆಲೆ 21 ಗಿನಿ. ಒಂದು ಗಿನಿ ಎಂದರೆ 21 ಶಿಲ್ಲಿಂಗ್. ಪೌಂಡಿಗೆ 15 ರೂಪಾಯಿಯ ಅಂದಿನ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 330 ರೂಪಾಯಿ. ಅದರ ಮೇಲೆ ಫಿಲ್ಮು, ಹಡಗಿನ ಬಾಡಿಗೆ ಬೇರೆ. ಪ್ಲೇಗಿಗೆ ಅರ್ಧ ಊರೇ ಬಾಗಿಲು ಹಾಕಿಕೊಂಡಿದ್ದಾಗ, ಇದರಿಂದ ಒಂದು ಕಾಸು ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದಿದ್ದಾಗ, ಒಬ್ಬ ಸ್ಟುಡಿಯೋ ಮಾಲೀಕ ಇಷ್ಟು ಹಣ ಸುರಿಯುವುದಕ್ಕೆ ಗುಂಡಿಗೆ ಬೇಕು.

ಮಲಬಾರ್ ಹಿಲ್‌ನಲ್ಲಿ ಕುಸ್ತಿ

1899ರಲ್ಲಿ ಅವರು ಮೊದಲ ಚಿತ್ರಕ್ಕೆ ಆರಿಸಿಕೊಂಡ ಜಾಗ ಹ್ಯಾಂಗಿಂಗ್ ಗಾರ್ಡನ್. ಮಲಬಾರ್ ಹಿಲ್‌ನ ನೀರಿನ ಸಂಗ್ರಹಾಗಾರದ ಮೇಲೆ 1880ರ ದಶಕದ ಆರಂಭದಲ್ಲಿ ರೂಪುಗೊಂಡ ಉದ್ಯಾನವದು. ಸುತ್ತಮುತ್ತ ಗವರ್ನರ್ ನಿವಾಸ, ಸಿರಿವಂತರ ಬಂಗಲೆಗಳು. ಅಂಥ ಜಾಗದಲ್ಲಿ ಕುಸ್ತಿ ಏರ್ಪಾಡಾಯಿತು. ಸೆಣಸಿದವರು ಪುಂಡಲೀಕ ದಾದಾ ಮತ್ತು ಕೃಷ್ಣ ನಾವಿ ಎಂಬ ಇಬ್ಬರು ಪೈಲ್ವಾನರು.

ಕುಸ್ತಿಯೇ ಯಾಕೆ? ಮೈಸೂರು ಕಡೆಯವರಿಗೆ ಗರಡಿ ಮನೆ, ಬೆಳಗಾವಿ-ಧಾರವಾಡದವರಿಗೆ ತಾಲೀಮು ಹೇಗೆ ಊರ ಬದುಕಿನ ಭಾಗವಾಗಿತ್ತೋ, ಸಾತಾರಾ, ಕೊಲ್ಹಾಪುರ, ರತ್ನಾಗಿರಿಗಳಿಂದ ಬಂದ ದುಡಿಯುವ ಜನರ ಮುಂಬೈಗೂ ಹಾಗೆಯೇ. ಕುಸ್ತಿ ಎಲ್ಲರಿಗೂ ಅರ್ಥವಾಗುವ ಆಟ. ವಿವರಿಸುವ ಅಗತ್ಯವಿಲ್ಲ. ಇನ್ನೊಂದು ಕಾರಣ ಕಸುಬಿಗೆ ಸಂಬಂಧಿಸಿದ್ದು. ಅಂದಿನ ಕ್ಯಾಮೆರಾ ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಆದ್ದರಿಂದ ಚಲನೆ ಜೋರಾಗಿರಬೇಕು, ಆದರೆ ಚೌಕಟ್ಟು ದಾಟಬಾರದು. ಕುಸ್ತಿ ಕಣಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗಬೇಕು?

ಕೆಲಸ ಮಾತ್ರ ಸುಲಭದ್ದಲ್ಲ. ಕೃತಕ ಬೆಳಕಿಲ್ಲ, ಬಿಸಿಲೇ ಗತಿ. ಪಕ್ಕದಲ್ಲಿರುವ ಹಿಡಿಕೆಯನ್ನು ಕೈಯಿಂದ ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಸೆಕೆಂಡಿಗೆ ಸುಮಾರು 16 ಚಿತ್ರಗಳು ಬೀಳಬೇಕು. ಕೈ ನಿಧಾನವಾದರೆ ತೆರೆಯ ಮೇಲೆ ಪೈಲ್ವಾನರು ಗೊಂಬೆಗಳಂತೆ ಕುಣಿಯುತ್ತಾರೆ. ಒಂದು ಸುರುಳಿ ಫಿಲ್ಮ್ ಮುಗಿಯುವುದು ಒಂದು ನಿಮಿಷದ ಆಸುಪಾಸಿನಲ್ಲಿ. ತಪ್ಪಾದರೆ ಆ ಸುರುಳಿ ಹೋದಂತೆಯೇ.

ತೆಗೆದ ಚಿತ್ರವನ್ನು ಅವರು ತಕ್ಷಣ ನೋಡುವಂತೆಯೂ ಇರಲಿಲ್ಲ. ಫಿಲ್ಮನ್ನು ಸಂಸ್ಕರಿಸಲು ಲಂಡನ್ನಿಗೇ ಕಳುಹಿಸಬೇಕಿತ್ತು. ಸೂಯೆಜ್ ಕಾಲುವೆಯ ದಾರಿಯಲ್ಲಿ ಹೋಗಲು ಎರಡು ವಾರಕ್ಕೂ ಹೆಚ್ಚು, ಬರಲು ಮತ್ತೆ ಅಷ್ಟೇ. ಚಿತ್ರ ಬಂದಿದೆಯೋ ಮಸುಕಾಗಿದೆಯೋ ಎಂಬುದು ತಿಂಗಳುಗಟ್ಟಲೆ ಕಾದ ಮೇಲಷ್ಟೇ ಗೊತ್ತಾಗುವಂಥದ್ದು. ಇವತ್ತು ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಇಷ್ಟವಾಗದಿದ್ದರೆ ಅಲ್ಲೇ ಅಳಿಸಿ ಇನ್ನೊಂದು ತೆಗೆಯುವ ನಮಗೆ ಆ ಕಾಯುವಿಕೆಯ ಅಂದಾಜೂ ಸಿಗಲಾರದು.

ಕೋತಿ ಆಡಿಸುವವನೂ, ದೇವಾಲಯದ ಕೆಲಸಗಾರರೂ

ಸಾವೇ ದಾದಾ ಕೈಕಟ್ಟಿ ಕೂರಲಿಲ್ಲ. ಚಿತ್ರ ತೋರಿಸುವ ಪ್ರೊಜೆಕ್ಟರ್ ಕೊಂಡು, ವಿದೇಶದಿಂದ ತರಿಸಿದ ತುಣುಕುಗಳನ್ನು ಬಯಲಿನಲ್ಲಿ ಪ್ರದರ್ಶಿಸತೊಡಗಿದರು. ಲಂಡನ್‌ನಿಂದ ತಮ್ಮ ಚಿತ್ರ ಬಂದ ಮೇಲೆ ಅದನ್ನೂ ಆ ಪಟ್ಟಿಗೆ ಸೇರಿಸಿದರು. ಅದುವರೆಗೆ ತೆರೆಯ ಮೇಲೆ ಪರದೇಶದ ರೈಲು, ಪರದೇಶದ ಮುಖಗಳನ್ನೇ ಕಂಡಿದ್ದ ಪ್ರೇಕ್ಷಕರಿಗೆ ಈಗ ತಮ್ಮೂರಿನ ಮೈಕಟ್ಟು, ತಮಗೆ ಗೊತ್ತಿರುವ ಪಟ್ಟುಗಳು ಕಂಡವು.

ಅವರ ಎರಡನೇ ಚಿತ್ರದ ವಸ್ತು ಇನ್ನೂ ಸರಳ. ಬೀದಿಯಲ್ಲಿ ಕೋತಿ ಆಡಿಸಿ ಹೊಟ್ಟೆ ಹೊರೆಯುವ ಒಬ್ಬ ಮನುಷ್ಯ ಮತ್ತು ಅವನ ಕೋತಿಗಳು. ಡಮರು ಬಾರಿಸಿಕೊಂಡು ಬರುವ ಇಂಥವರು ನಮ್ಮ ಊರುಗಳಲ್ಲೂ ಇದ್ದರು. ಸರ್ಕಾರಿ ಸಂಪುಟಗಳಲ್ಲಿ ಇಂಥ ಅಲೆಮಾರಿಗಳು ಒಂದು ಜಾತಿಯ ಮಾದರಿಯಾಗಿ ನಿಂತಿರುತ್ತಾರೆ. ಸಾವೇ ದಾದಾ ಚಿತ್ರದಲ್ಲಿ ಅವನು ತನ್ನ ಕಸುಬು ಮಾಡುತ್ತಿದ್ದಾನೆ. ಎರಡಕ್ಕೂ ಇರುವ ಅಂತರ ಅದೇ.

1901ರ ಹೊತ್ತಿಗೆ ಅವರ ಕ್ಯಾಮೆರಾ ಪಾರ್ಸಿಗಳ ಅಗ್ನಿ ದೇವಾಲಯದ ಕಡೆ ತಿರುಗಿತು. ಅಲ್ಲಿ ನಡೆಯುತ್ತಿದ್ದ ಜೀರ್ಣೋದ್ಧಾರದ ಕೆಲಸವನ್ನು ಅವರು ಚಿತ್ರೀಕರಿಸಿದರು. ಪಾರ್ಸಿ ಅಗ್ನಿ ದೇವಾಲಯದೊಳಗೆ ಅನ್ಯ ಧರ್ಮೀಯರಿಗೆ ಪ್ರವೇಶವಿಲ್ಲ. ಆದರೆ ಕಟ್ಟಡಕ್ಕೆ ಹೊಸ ರೂಪ ಕೊಡುವ ಕೆಲಸ ಊರಿಗೆಲ್ಲ ಕಾಣುವಂಥದ್ದು. ಮುಂಬೈಯನ್ನು ಕಟ್ಟಿದ ಸಮುದಾಯವೊಂದರ ಬದುಕು ಹೀಗೆ ಫಿಲ್ಮಿಗೆ ಬಂತು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅದೇ ಕಾಲದಲ್ಲಿ ಕಲ್ಕತ್ತಾದಲ್ಲಿ ಹೀರಾಲಾಲ್ ಸೇನ್ ಎಂಬ ಇನ್ನೊಬ್ಬ ಫೋಟೋಗ್ರಾಫರ್ ಕೂಡ ಚಲನಚಿತ್ರಕ್ಕೆ ಕೈ ಹಾಕಿದ್ದರು. ಹಾಗಾಗಿ ಭಾರತದ ಮೊದಲ ಚಿತ್ರ ನಿರ್ಮಾತೃ ಯಾರು ಎಂಬ ಚರ್ಚೆಯಲ್ಲಿ ಬಂಗಾಳದವರು ಸೇನ್ ಹೆಸರನ್ನೇ ಹೇಳುತ್ತಾರೆ. ಇಬ್ಬರ ದಾರಿ ಮಾತ್ರ ಬೇರೆ. ಸೇನ್ ಅವರನ್ನು ಹೆಚ್ಚು ಸೆಳೆದದ್ದು ರಂಗಭೂಮಿ. ಕಲ್ಕತ್ತಾದ ನಾಟಕಗಳ ದೃಶ್ಯಗಳನ್ನು ಅವರು ಚಿತ್ರೀಕರಿಸಿದರು. ಸಾವೇ ದಾದಾ ರಂಗಮಂದಿರ ಬಿಟ್ಟು ಬಯಲಿಗೆ ಬಂದರು.

ರ‍್ಯಾಂಗ್ಲರ್ ಬಂದ ದಿನ

1901ರ ಡಿಸೆಂಬರ್‌ನಲ್ಲಿ ಮುಂಬೈ ಬಂದರಿನಲ್ಲಿ ಸಂಭ್ರಮ. ರಘುನಾಥ ಪುರುಷೋತ್ತಮ ಪರಾಂಜಪೆ ಇಂಗ್ಲೆಂಡ್‌ನಿಂದ ಮರಳುತ್ತಿದ್ದರು. ರತ್ನಾಗಿರಿ ಜಿಲ್ಲೆಯ ಮುರ್ಡಿ ಎಂಬ ಹಳ್ಳಿಯ ಈ ಹುಡುಗ 1899ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡಿದ್ದರು. ಭಾರತೀಯನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆಳುವವರ ವಿದ್ಯೆಯಲ್ಲಿ, ಆಳುವವರ ನೆಲದಲ್ಲಿ, ಅವರ ಸರಿಸಮಕ್ಕೆ ನಿಂತು ಗೆದ್ದ ಸುದ್ದಿ ದೇಶಕ್ಕೆಲ್ಲ ಹಬ್ಬವಾಗಿತ್ತು.

ಆ ಸ್ವಾಗತವನ್ನು ಸಾವೇ ದಾದಾ ಚಿತ್ರೀಕರಿಸಿದರು. ಭಾರತದ ಮೊದಲ ಸುದ್ದಿಚಿತ್ರ ಎಂದು ಸಿನಿಮಾ ಇತಿಹಾಸ ಗುರುತಿಸುವುದು ಇದನ್ನೇ. ಇವತ್ತು ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದು ಬಂದರೆ ವಿಮಾನ ನಿಲ್ದಾಣದಲ್ಲಿ ನೂರಾರು ಕ್ಯಾಮೆರಾಗಳು ಕಾದಿರುತ್ತವೆ. ಆ ಸಾಲಿನ ಮೊದಲ ಕ್ಯಾಮೆರಾ ಸಾವೇ ದಾದಾ ಅವರದು ಎನ್ನಬಹುದು. ಅದೇ ವರ್ಷ ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದ ಮುಂಬೈ ಮೂಲದ ಪಾರ್ಸಿ ಮಂಚೇರ್ಜಿ ಭಾವನಗರಿ ತಾಯ್ನಾಡಿಗೆ ಬಂದಿಳಿದ ದೃಶ್ಯವನ್ನೂ ಅವರು ತೆಗೆದಿದ್ದರು.

ಅಂದಹಾಗೆ, ಈ ಪರಾಂಜಪೆ ಅವರಿಗೂ ಕನ್ನಡಕ್ಕೂ ಒಂದು ನಂಟಿದೆ. ಅವರು 1902ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ವರಕವಿ ದ.ರಾ. ಬೇಂದ್ರೆ 1918ರಲ್ಲಿ ಬಿ.ಎ. ಪದವಿ ಪಡೆದದ್ದು ಅದೇ ಕಾಲೇಜಿನಲ್ಲಿ ಓದಿ. ಇನ್ನೊಂದು ಸ್ವಾರಸ್ಯ ಕೇಳಿ. ಚಷ್ಮೆ ಬದ್ದೂರ್ ಚಿತ್ರದ ನಿರ್ದೇಶಕಿ ಸಾಯಿ ಪರಾಂಜಪೆ ಇದೇ ರ‍್ಯಾಂಗ್ಲರ್ ಅವರ ಮೊಮ್ಮಗಳು. ಮುಂಬೈ ಚಾಳಿನ ಸಾಮಾನ್ಯರ ದಿನನಿತ್ಯದ ಬದುಕನ್ನು ಅವರು ತಮ್ಮ ಕಥಾ ಚಿತ್ರದಲ್ಲಿ ತೋರಿಸಿದರು. ಅಜ್ಜನನ್ನು ಫಿಲ್ಮಿನಲ್ಲಿ ಹಿಡಿದಿಟ್ಟವರು ಆರಂಭಿಸಿದ ಕೆಲಸ 80 ವರ್ಷಗಳ ನಂತರ ಮೊಮ್ಮಗಳ ಕೈಯಲ್ಲಿ ಮುಂದುವರಿದಂತಾಯಿತು.

ಕರ್ಜನ್‌ನ ದರ್ಬಾರು

ಪೈಲ್ವಾನರಿಂದ ಶುರುವಾದ ಕ್ಯಾಮೆರಾ ಕೊನೆಗೆ ಸಾಮ್ರಾಜ್ಯದ ಬಾಗಿಲಿಗೂ ಹೋಯಿತು. 1903ರ ಜನವರಿ 1ರಂದು ದೆಹಲಿಯಲ್ಲಿ ನಡೆದ ದರ್ಬಾರಿನಲ್ಲಿ ಏಳನೇ ಎಡ್ವರ್ಡ್‌ನನ್ನು ಭಾರತದ ಚಕ್ರವರ್ತಿ ಎಂದು ಘೋಷಿಸಲಾಯಿತು. ಚಕ್ರವರ್ತಿ ಬರಲೇ ಇಲ್ಲ, ತಮ್ಮನನ್ನು ಕಳುಹಿಸಿದ. ಮೆರೆದದ್ದು ವೈಸರಾಯ್ ಕರ್ಜನ್. ಮೂರು ದಿನ ಮುಂಚೆ, ಡಿಸೆಂಬರ್ 29ರಂದು, ಆನೆಗಳ ಭಾರೀ ಮೆರವಣಿಗೆಯಲ್ಲಿ ಅವನು ದೆಹಲಿ ಪ್ರವೇಶಿಸಿದ್ದ. ಅದೇ ಕರ್ಜನ್ 1902ರ ಆಗಸ್ಟ್‌ನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಆಡಳಿತಾಧಿಕಾರ ವಹಿಸಿಕೊಟ್ಟಿದ್ದ ಎಂಬುದನ್ನು ಇಲ್ಲಿ ನೆನೆಯಬಹುದು.

ಇತ್ತ ದೇಶ 1899-1900ರ ಭೀಕರ ಕ್ಷಾಮದಿಂದ ಚೇತರಿಸಿಕೊಂಡಿರಲಿಲ್ಲ. ಪ್ಲೇಗ್ ಇನ್ನೂ ಹೋಗಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ದುಂದುವೆಚ್ಚ ಬೇಕಿತ್ತೇ ಎಂಬ ಟೀಕೆ ಆಗಲೇ ಕೇಳಿಬಂದಿತ್ತು. ಸಾವೇ ದಾದಾ ದರ್ಬಾರನ್ನು ಚಿತ್ರೀಕರಿಸಿದರು. ಬ್ರಿಟಿಷ್ ಕಂಪನಿಗಳ ಕ್ಯಾಮೆರಾಗಳೂ ಅಲ್ಲಿದ್ದವು. ಅವುಗಳ ಚಿತ್ರ ಲಂಡನ್ನಿನ ಪ್ರೇಕ್ಷಕರಿಗೆ ತಮ್ಮ ಸಾಮ್ರಾಜ್ಯದ ವೈಭವ ತೋರಿಸಲು. ಮುಂಬೈನ ಸ್ಟುಡಿಯೋದವನ ಚಿತ್ರ ಇಲ್ಲಿನ ಜನರಿಗಾಗಿ. ತಮ್ಮ ಹೆಸರಿನಲ್ಲಿ, ತಮ್ಮ ದುಡ್ಡಿನಲ್ಲಿ ನಡೆದ ಜಾತ್ರೆಯನ್ನು ಅವರೂ ನೋಡಬೇಕಲ್ಲ!

ಅವರನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಬಣ್ಣಿಸಿದರೆ ಅದು ಅತಿಶಯೋಕ್ತಿ. ಅವರು ವ್ಯಾಪಾರಿ. ಜನ ಯಾವುದನ್ನು ದುಡ್ಡು ಕೊಟ್ಟು ನೋಡುತ್ತಾರೆ ಎಂಬ ಲೆಕ್ಕ ಅವರಿಗಿತ್ತು. ಆದರೆ ಆ ಲೆಕ್ಕವೇ ಅವರನ್ನು ಸರಿಯಾದ ಕಡೆ ಕರೆದೊಯ್ದಿತು. ಪೈಲ್ವಾನನೂ, ಕೋತಿ ಆಡಿಸುವವನೂ, ಗಣಿತಜ್ಞನೂ, ವೈಸರಾಯನೂ ಅವರ ಕ್ಯಾಮೆರಾ ಮುಂದೆ ಬಂದರು. ಎಲ್ಲರಿಗೂ ಸಿಕ್ಕಿದ್ದು ಅದೇ ಕೆಲವು ಅಡಿ ಫಿಲ್ಮು.

ಕ್ಯಾಮೆರಾ ಕೆಳಗಿಟ್ಟ ಮೇಲೆ

ದರ್ಬಾರಿನ ನಂತರ ಸಾವೇ ದಾದಾ ಚಿತ್ರ ತೆಗೆಯುವುದರಿಂದ ದೂರ ಸರಿದರು. ಕಥಾಚಿತ್ರದ ಕಡೆಗೆ ಅವರು ಹೋಗಲೇ ಇಲ್ಲ. ಮುಂಬೈನ ಗೇಯ್ಟಿ ಥಿಯೇಟರ್‌ನ ಮ್ಯಾನೇಜರ್ ಆಗಿ ಪ್ರದರ್ಶನದ ವ್ಯವಹಾರದಲ್ಲಿ ತೊಡಗಿಕೊಂಡರು. ವಿಕ್ಟೋರಿಯಾ ಟರ್ಮಿನಸ್ ಎದುರಿಗಿದ್ದ, 1879ರಲ್ಲಿ ಕಟ್ಟಿದ ನಾಟಕ ಮಂದಿರವದು. ಮುಂದೆ ಕ್ಯಾಪಿಟಲ್ ಸಿನಿಮಾ ಎಂದು ಹೆಸರಾಯಿತು.

ಅವರು ಬಿಟ್ಟ ದಾರಿಯನ್ನು ಬೇರೆಯವರು ಹಿಡಿದರು. 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಷನ್ ಸಿನೆಮಾಟೊಗ್ರಾಫ್‌ನಲ್ಲಿ ರಾಜಾ ಹರಿಶ್ಚಂದ್ರ ಬಿಡುಗಡೆಯಾಯಿತು. ಫಾಲ್ಕೆ ಕೂಡ ಫೋಟೋಗ್ರಾಫರ್ ಆಗಿದ್ದವರೇ. ಅವರು ಸಾವೇ ದಾದಾ ಅವರಿಗಿಂತ ಎರಡು ವರ್ಷ ಚಿಕ್ಕವರು. ಆದರೆ ಅವರು ತೆರೆಗೆ ಪುರಾಣ ತಂದರು, ಜನ ಮುಗಿಬಿದ್ದರು. ಪೈಲ್ವಾನ, ಕೋತಿಗಳ ಜಾಗಕ್ಕೆ ರಾಮ, ಕೃಷ್ಣರು ಬಂದರು. 1931ರಲ್ಲಿ ಗಿರಗಾಂವ್‌ನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಆಲಂ ಆರಾ ಮೂಲಕ ತೆರೆ ಮಾತನಾಡಿತು. ಆಗ ಸಾವೇ ದಾದಾ ವಯಸ್ಸು 63ರ ಆಸುಪಾಸು.

ತಾವು ತೆಗೆದ ಒಂದು ನಿಮಿಷದ ಮೂಕ ದೃಶ್ಯ ಮೂರು ಗಂಟೆಯ ಹಾಡು-ಕುಣಿತದ ಉದ್ಯಮವಾಗಿ ಬೆಳೆದದ್ದನ್ನು ಅವರು ಕಣ್ಣಾರೆ ಕಂಡರು. ಯೂನಿಯನ್ ಜಾಕ್ ಇಳಿದದ್ದನ್ನೂ ಕಂಡರು. 1958ರಲ್ಲಿ, 90ರ ಹೊಸ್ತಿಲಲ್ಲಿ, ಅವರು ತೀರಿಕೊಂಡರು. ಅದಕ್ಕೆ ಮುಂಚಿನ ವರ್ಷವಷ್ಟೇ ಮದರ್ ಇಂಡಿಯಾ ಮತ್ತು ಪ್ಯಾಸಾ ತೆರೆಕಂಡಿದ್ದವು. ಪ್ಯಾಸಾ ಚಿತ್ರದ ಕ್ಯಾಮೆರಾ ಹಿಡಿದಿದ್ದವರು ಮೈಸೂರಿನಿಂದ ಮುಂಬೈಗೆ ಬಂದ ನಮ್ಮ ವಿ.ಕೆ. ಮೂರ್ತಿ. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೂರ್ತಿ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ. ಸಾವೇ ದಾದಾ ಆರಂಭಿಸಿದ ಕಸುಬಿಗೆ ಅಷ್ಟು ದೊಡ್ಡ ಮನ್ನಣೆ ಸಿಗಲು ನೂರು ವರ್ಷಗಳೇ ಬೇಕಾದವು.

ಉಳಿದದ್ದೇನು?

ದುಃಖದ ಸಂಗತಿಯೆಂದರೆ ಆ ಕುಸ್ತಿಯನ್ನು ಇವತ್ತು ನಾವು ನೋಡುವಂತಿಲ್ಲ. ಸಾವೇ ದಾದಾ ಚಿತ್ರಗಳು ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿ ತಾಕಿದರೆ ಭುಗಿಲೇಳುವಂಥದ್ದು. ಮುಂಬೈನ ಸೆಕೆ, ತೇವಕ್ಕೆ ಅಂಟಂಟಾಗಿ ಪುಡಿಯಾಗುತ್ತಿತ್ತು. ಹಳೆಯ ಫಿಲ್ಮನ್ನು ಕರಗಿಸಿ ಬೆಳ್ಳಿ ತೆಗೆಯುವವರೂ ಇದ್ದರು. ಕಲ್ಕತ್ತಾದಲ್ಲಿ ಹೀರಾಲಾಲ್ ಸೇನ್ ಅವರ ಚಿತ್ರಗಳು 1917ರ ಬೆಂಕಿ ಅನಾಹುತದಲ್ಲಿ ಬೂದಿಯಾದವು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿದ್ದೇ 1964ರಲ್ಲಿ. ಅಷ್ಟರಲ್ಲಿ ಸಾವೇ ದಾದಾ ತೀರಿಕೊಂಡು ಆರು ವರ್ಷವಾಗಿತ್ತು.

ನಾವು ಕನ್ನಡಿಗರೂ ಈ ವಿಷಯದಲ್ಲಿ ಬೆನ್ನು ತಟ್ಟಿಕೊಳ್ಳುವಂತಿಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ಕೂಡ ಇಂದು ನೋಡಲು ಸಿಗುವುದಿಲ್ಲ. ದೇಶದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದಿರುವವು ತೀರಾ ಕಡಿಮೆ.

ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಬ್ರಿಟಿಷ್ ಆಡಳಿತ ಮಾಡಿಸಿದ ದಿ ಪೀಪಲ್ ಆಫ್ ಇಂಡಿಯಾದ ಎಂಟೂ ಸಂಪುಟಗಳು ಲಂಡನ್ನಿನ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಪ್ಲೇಗ್ ಆಲ್ಬಮ್‌ಗಳೂ ಉಳಿದಿವೆ. ವಸಾಹತು ಕಾಲದ ಮುಂಬೈನ ಸಾಮಾನ್ಯ ಮನುಷ್ಯ ಹೇಗಿದ್ದ ಎಂದು ಹುಡುಕಿ ಹೊರಟರೆ ನಮಗೆ ಸಿಗುವುದು ಆಳುವವರು ತೆಗೆಸಿದ ಚಿತ್ರ. ಅವನ ಊರಿನವನೇ ತೆಗೆದ ಚಿತ್ರ ಕೈಬಿಟ್ಟು ಹೋಗಿದೆ. ಕಳೆದುಹೋದದ್ದು ಬರೀ ಒಂದು ನಿಮಿಷದ ಕುಸ್ತಿಯಲ್ಲ, ನಮ್ಮವರು ನಮ್ಮವರನ್ನು ನೋಡಿದ ರೀತಿ.

ಕಟ್ಟಡಗಳು ಮಾತ್ರ ಇನ್ನೂ ನಿಂತಿವೆ. ಮುಂಬೈಗೆ ಹೋಗುವ ಕನ್ನಡಿಗರು ಇಳಿಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ 2004ರಿಂದ ವಿಶ್ವ ಪರಂಪರೆಯ ತಾಣ. ಅದರ ಎದುರಿಗೇ ಸಾವೇ ದಾದಾ ಮ್ಯಾನೇಜರ್ ಆಗಿದ್ದ ಗೇಯ್ಟಿ, ಅಂದರೆ ಕ್ಯಾಪಿಟಲ್ ಕಟ್ಟಡ ಇದೆ. ಅಲ್ಲೀಗ ಸಿನಿಮಾ ನಡೆಯುವುದಿಲ್ಲ. ಕಾಲಾ ಘೋಡಾದಲ್ಲಿ ವಾಟ್ಸನ್ ಹೋಟೆಲ್ ಎಸ್‌ಪ್ಲನೇಡ್ ಮ್ಯಾನ್ಶನ್ ಎಂಬ ಹೆಸರಿನಲ್ಲಿ ಶಿಥಿಲವಾಗಿ ನಿಂತಿದೆ. ಮಲಬಾರ್ ಹಿಲ್ ಹತ್ತಿದರೆ ಹ್ಯಾಂಗಿಂಗ್ ಗಾರ್ಡನ್ ಇದೆ.

ಒಂದು ಬೆಳಗಿನ ಬಿಡುವಿನಲ್ಲಿ ಈ ಮೂರನ್ನೂ ನೋಡಿ ಬರಬಹುದು. ನಿಮ್ಮ ಮನೆಯಲ್ಲೂ ಅಜ್ಜ-ಅಜ್ಜಿಯ ಹಳೆಯ ಫೋಟೋ, ಊರ ಜಾತ್ರೆಯ ವಿಡಿಯೋ ಕ್ಯಾಸೆಟ್, ಮದುವೆಯ ರೀಲ್ ಯಾವುದಾದರೂ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಹೊರತೆಗೆದು ಸರಿಯಾಗಿ ಎತ್ತಿಡಿ.